ಕಾಯಿ ಹಣ್ಣಾಗೋ ಖುಷಿ: ಹಾನಗಲ್ಲಿನ ದಾಳ, ಬಾಡದ ನಳ, ಸವಣೂರಿನ ಎಲಿ

 

ಇವತ್ತಿನ ಪ್ರಶ್ನೆ ಸಣ್ಣದು. ಆಟ ಯಾಕೆ ಖುಷಿ ಕೊಡತ್ತೆ? ಕಬಡ್ಡಿ, ಕ್ರಿಕೆಟ್ ಮಾತಲ್ಲ. ಕೂತಲ್ಲೇ ಕೂತು ಆಡೋ ಆಟಗಳ ಮಾತು. ಚೌಕಾಬಾರ, ಪಗಡೆ, ಹುಲಿ-ಕುರಿ, ಅಳಗುಳಿಮಣೆ, ಇಸ್ಪೀಟು. ಇವುಗಳಲ್ಲಿ ಮೈಗೆ ಕೆಲಸ ಇಲ್ಲ, ಬೆವರೂ ಬರಲ್ಲ. ಆದ್ರೂ ಹಬ್ಬದ ರಾತ್ರಿ ಎರಡು ಗಂಟೆವರೆಗೆ ಮನೆ ಮಂದಿ ಎಲ್ಲಾ ಚಾಪೆ ಮೇಲಿಂದ ಏಳಲ್ಲ. ಯಾಕೆ?

ಈ ಪ್ರಶ್ನೆಗೆ ಇನ್ನೊಂದು ಮುಖಾನೂ ಇದೆ. ಅದೇ 52 ಎಲೆ ಫೋನಿನ ಒಳಗೆ ಬಂದಾಗ ಕೆಲವರಿಗೆ ಇಪ್ಪತ್ತು ನಿಮಿಷದಲ್ಲಿ ತಿಂಗಳ ಪಗಾರ ಖಾಲಿ ಆಗತ್ತೆ. ಅಂಥವರು ನಿಮಗೂ ಗೊತ್ತಿರ್ತಾರೆ, ನನಗೂ ಗೊತ್ತಿದ್ದಾರೆ. ಚಾಪೆ ಮೇಲಿನ ಆಟದ ಮರುದಿನ ಮನೆಯಲ್ಲಿ ನಗು ಇರತ್ತೆ. ಫೋನಿನ ಆಟದ ಮರುದಿನ ಮನೆಯಲ್ಲಿ ಯಾರೂ ಮಾತಾಡಲ್ಲ. ಎಲೆ ಅದೇ, ನಿಯಮನೂ ಹೆಚ್ಚುಕಮ್ಮಿ ಅದೇ. ಹಾಗಾದ್ರೆ ನಡುವೆ ಕಳೆದುಹೋಗಿದ್ದು ಏನು?

ಇದನ್ನ ಹುಡುಕೋಕೆ ದೂರ ಹೋಗೋದು ಬೇಡ. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕು ಸಾಕು: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ನಮ್ಮ ಪುರಾಣದಲ್ಲಿ ದೊಡ್ಡ ಹೆಸರಿರೋ ಎರಡು ಜೂಜಿನ ಕಥೆಗಳಿವೆಯಲ್ಲ, ಒಂದು ಧರ್ಮರಾಯನದು, ಇನ್ನೊಂದು ನಳನದು. ಎರಡಕ್ಕೂ ಈ ಸೀಮೆಯ ನಂಟಿದೆ.

ಹಾನಗಲ್: ಸೋತವನು ಮತ್ತೆ ಆಟಕ್ಕೆ ಕೂತ ಊರು

ಹಾನಗಲ್ ಅಂದ್ರೆ ತಾರಕೇಶ್ವರ ಗುಡಿ ನೆನಪಾಗತ್ತೆ. ಆ ಮಂಟಪದ ಒಳಛಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲ ಇದೆ, ಕತ್ತು ನೋಯೋವರೆಗೆ ನೋಡಬಹುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಪಾನುಂಗಲ್. ಕದಂಬರ ಒಂದು ಶಾಖೆ ಚಾಲುಕ್ಯರ ಸಾಮಂತರಾಗಿ ಇಲ್ಲಿಂದ ಆಳ್ತಿತ್ತು. ಆದ್ರೆ ಊರಿಗೆ ಇನ್ನೂ ಎರಡು ಹಳೇ ಹೆಸರಿವೆ, ಶಾಸನಗಳಲ್ಲೇ ಸಿಗೋವಂಥವು: ವಿರಾಟಕೋಟೆ, ವಿರಾಟನಗರಿ. ಪಾಂಡವರು ಅಜ್ಞಾತವಾಸ ಮಾಡಿದ ಊರು ಇದೇ ಅಂತ ಇಲ್ಲಿನ ನಂಬಿಕೆ. ಕುಂತಿಯ ಹೆಸರಿನ ದಿಬ್ಬಾನೂ ಇದೆ. ಇತಿಹಾಸಕಾರರು ವಿರಾಟನ ಮತ್ಸ್ಯದೇಶವನ್ನ ರಾಜಸ್ಥಾನದ ಬೈರಾಟ್ ಕಡೆ ಗುರುತಿಸ್ತಾರೆ, ಅದು ಬೇರೆ ಮಾತು. ಎಂಟುನೂರು ವರ್ಷದ ಹಿಂದಿನ ಜನ ತಮ್ಮ ಊರನ್ನ ಆ ಕಥೆಯೊಳಗೆ ಇಟ್ಟು ನೋಡ್ತಿದ್ರು ಅನ್ನೋದು ನನಗೆ ಮುಖ್ಯ.

ಈಗ ಕಥೆ ನೆನಪು ಮಾಡ್ಕೊಳ್ಳಿ. ಧರ್ಮರಾಯ ಹಸ್ತಿನಾವತಿಯಲ್ಲಿ ದಾಳ ಹಾಕಿ ರಾಜ್ಯ ಸೋತ, ತಮ್ಮಂದಿರನ್ನ ಸೋತ, ತನ್ನನ್ನ ಸೋತ, ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ. ಎರಡನೇ ಸಲ ಆಡಿ 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ತಂದುಕೊಂಡ. ಆ ಅಜ್ಞಾತವಾಸದ ವರ್ಷ ಯಾರ ಕಣ್ಣಿಗೂ ಬೀಳದ ವೇಷ ಬೇಕಲ್ಲ? ಭೀಮ ಅಡುಗೆಯವನಾದ. ಅರ್ಜುನ ನಾಟ್ಯ ಕಲಿಸೋ ಬೃಹನ್ನಳೆ ಆದ. ಧರ್ಮರಾಯ ಏನಾದ? ಕಂಕ ಅನ್ನೋ ಹೆಸರಿಟ್ಟುಕೊಂಡು ವಿರಾಟರಾಜನ ಜೊತೆ ದಾಳ ಆಡೋ ಸಂಗಾತಿ ಆದ!

ಕೇಳಿದ ತಕ್ಷಣ ವಿಚಿತ್ರ ಅನ್ಸತ್ತೆ. ದಾಳದಿಂದ ಮನೆ ಮುಳುಗಿಸಿಕೊಂಡವನು ಹೊಟ್ಟೆಪಾಡಿಗೆ ಮತ್ತೆ ದಾಳಾನೇ ಹಿಡೀತಾನಾ? ಆದ್ರೆ ವ್ಯಾಸರ ಕಥೆ ಎರಡು ಆಟಗಳನ್ನ ಎದುರುಬದುರು ಇಟ್ಟಿದೆ ನೋಡ್ರಿ. ಹಸ್ತಿನಾವತಿಯ ಆಟದಲ್ಲಿ ಪಣ ಇಡೋನು ದುರ್ಯೋಧನ, ದಾಳ ಹಾಕೋನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡೋದು ಸರಿಯಲ್ಲ ಅಂತ ಧರ್ಮರಾಯನೇ ಕೂರೋ ಮುಂಚೆ ಹೇಳ್ತಾನೆ, ಆಮೇಲೂ ಕೂರ್ತಾನೆ. ಎದುರಿಗಿರೋನಿಗೆ ಸೋತ್ರೆ ನೋವಿಲ್ಲ, ಇವನಿಗೆ ಸೋತ್ರೆ ಉಳಿಗಾಲ ಇಲ್ಲ. ಅದು ಆಟ ಅಲ್ಲ, ಆಟದ ವೇಷ ಹಾಕಿದ ಸುಲಿಗೆ.

ವಿರಾಟನ ಮನೆಯ ಆಟದಲ್ಲಿ ಇಬ್ಬರೂ ಎದುರುಬದುರು ಕೂತಿದ್ದಾರೆ. ಅಲ್ಲೂ ಕಂಕ ಗೆಲ್ತಾನೆ, ಗೆದ್ದದ್ದನ್ನ ಗುಟ್ಟಾಗಿ ತಮ್ಮಂದಿರಿಗೆ ಹಂಚ್ತಾನೆ. ಆದ್ರೆ ಯಾರ ರಾಜ್ಯಾನೂ ಹೋಗಲ್ಲ, ಯಾರ ಹೆಂಡತಿನೂ ಸಭೆಗೆ ಬರಬೇಕಾಗಲ್ಲ. ಸಂಜೆ ಆಟ ಮುಗಿಯತ್ತೆ, ಮರುದಿನ ಮತ್ತೆ ಹಾಸು ಬಿಚ್ಚತ್ತೆ. ಒಂದು ವರ್ಷ ಹೀಗೇ ನಡೀತು.

ಆ ಆಟಾನೂ ಒಂದು ದಿನ ಕೆಡ್ತು. ಮಗ ಉತ್ತರ ಕೌರವರ ಸೈನ್ಯವನ್ನ ಗೆದ್ದ ಅನ್ನೋ ಸುದ್ದಿ ಬಂತು. ವಿರಾಟ ಉಬ್ಬಿಹೋಗಿ ದಾಳ ತರಿಸಿದ. ಕಂಕ ಬೇಡ ಅಂದ. ಮೈಮರೆಯೋಷ್ಟು ಹಿಗ್ಗಿನಲ್ಲಿ ಇರೋನ ಜೊತೆ ಆಡಬಾರದು, ಜೂಜಿನಲ್ಲಿ ಕೇಡು ಬಹಳ, ಯುಧಿಷ್ಠಿರ ಅನ್ನೋ ರಾಜ ಎಲ್ಲಾ ಕಳ್ಕೊಂಡದ್ದು ಕೇಳಿಲ್ವಾ ಅನ್ನೋ ಅರ್ಥದಲ್ಲಿ ಬುದ್ಧಿ ಹೇಳಿದ. ಹೇಳ್ತಿರೋನೇ ಯುಧಿಷ್ಠಿರ ಅಂತ ಕೇಳ್ತಿರೋನಿಗೆ ಗೊತ್ತಿಲ್ಲ! ಆಟ ಶುರುವಾಯ್ತು. ವಿರಾಟ ಮಗನನ್ನ ಹೊಗಳಿದ, ಕಂಕ ಬೃಹನ್ನಳೆಯನ್ನ ಹೊಗಳಿದ. ರಾಜನಿಗೆ ಸಿಟ್ಟು ನೆತ್ತಿಗೇರಿ ಕೈಯಲ್ಲಿದ್ದ ದಾಳಾನೇ ಕಂಕನ ಮುಖಕ್ಕೆ ಎಸೆದ. ಮೂಗಿಂದ ರಕ್ತ. ನೆಲಕ್ಕೆ ಬೀಳದ ಹಾಗೆ ಧರ್ಮರಾಯ ಕೈಯೊಡ್ಡಿದ, ದ್ರೌಪದಿ ಪಾತ್ರೆ ತಂದಳು.

ಪಣ ಸಣ್ಣದಿದ್ರೂ ಆಟ ಕೆಡಬಹುದು ಅಂತ ಇದು ಹೇಳತ್ತೆ. ಹೊರಗಿನ ದೊಡ್ಡಸ್ತಿಕೆಯನ್ನ ಹಾಸಿನ ಮೇಲೆ ತಂದಿಟ್ರೆ ಮುಗೀತು. ಡಚ್ ಇತಿಹಾಸಕಾರ ಯೋಹಾನ್ ಹುಯಿಜಿಂಗಾ 1938ರಲ್ಲಿ ಆಟದ ಮೇಲೆ ಒಂದು ಹೆಸರಾಂತ ಪುಸ್ತಕ ಬರೆದ, ‘ಹೋಮೋ ಲೂಡೆನ್ಸ್’ ಅಂತ. ಆಟ ದಿನನಿತ್ಯದ ಬದುಕಿನಿಂದ ಬೇರೆಯಾದ ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ನಡೆಯೋದು, ಅದರ ಗೆರೆ ಒಳಗೆ ಅದರದೇ ಕಟ್ಟಳೆ ಅಂತ ಅದರ ವಾದದ ಒಂದು ಎಳೆ. ನಾವು ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೀತೀವಲ್ಲ, ಆ ಗೆರೆ ಅಂದ್ಕೊಳ್ಳಿ. ಅದರ ಒಳಗೆ ಅಪ್ಪನ ಕಾಯಿಯನ್ನ ಮಗಳು ಕಡಿಬಹುದು, ಮಾವನದನ್ನ ಸೊಸೆ ಕಡಿಬಹುದು. ವಿರಾಟ ಆ ಗೆರೆ ದಾಟಿ ರಾಜನಾಗಿ ಸಿಟ್ಟಾದ.

ಶಿಗ್ಗಾಂವಿ: ನಳ, ತಾರೆಮರ ಮತ್ತು ದಾಳದ ಮನಸ್ಸು

ಈಗ ಬಾಡಕ್ಕೆ ಹೋಗೋಣ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ಅವರ ಕೀರ್ತನೆಗಳು ಎಲ್ಲರಿಗೂ ಗೊತ್ತು. ಅವರು ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ ಬರೆದಿದ್ದಾರೆ ಅನ್ನೋದು ಶಾಲೆ ಬಿಟ್ಟ ಮೇಲೆ ಮರೆತುಹೋಗಿರತ್ತೆ. ನಳನ ಕಥೆಯ ನಡುಗಂಬ ಜೂಜು.

ಕಥೆಯ ಮೂಲ ಮಹಾಭಾರತದ ಅರಣ್ಯಪರ್ವದಲ್ಲಿದೆ. ಕಾಡಿನಲ್ಲಿ ಧರ್ಮರಾಯ, ನನ್ನಂಥ ನತದೃಷ್ಟ ಇನ್ನೊಬ್ಬ ಇದ್ದಾನಾ ಅಂತ ಕೊರಗ್ತಾನೆ. ಬೃಹದಶ್ವ ಅನ್ನೋ ಋಷಿ, ಇದ್ದ ಕಣಪ್ಪಾ ಅಂತ ನಳನ ಕಥೆ ಹೇಳ್ತಾರೆ. ನಳ ಪುಷ್ಕರನ ಜೊತೆ ದಾಳ ಆಡಿ ರಾಜ್ಯ ಕಳ್ಕೊಂಡ. ದಮಯಂತಿಯನ್ನ ಪಣಕ್ಕಿಡು ಅಂದಾಗ ಮಾತ್ರ ಎದ್ದುಬಂದ, ಇಡಲಿಲ್ಲ. ಉಟ್ಟ ಬಟ್ಟೆಯಲ್ಲಿ ಕಾಡು ಸೇರಿದ. ಆಮೇಲೆ ರೂಪ ಬದಲಾಗಿ ಋತುಪರ್ಣ ಅನ್ನೋ ರಾಜನ ಹತ್ತಿರ ಸಾರಥಿ ಆದ.

ಮುಂದಿನದು ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ರಥ ಓಡ್ತಿದೆ. ದಾರಿಯಲ್ಲಿ ಒಂದು ತಾರೆಮರ. ಋತುಪರ್ಣ ಕಣ್ಣು ಹಾಯಿಸಿ, ಈ ಮರದ ಎರಡು ಕೊಂಬೆಯಲ್ಲಿ 2095 ಕಾಯಿ ಇವೆ ಅಂತಾನೆ. ನಳ ನಂಬಲ್ಲ. ರಥ ನಿಲ್ಲಿಸಿ ಎಣಿಸ್ತಾನೆ. ಲೆಕ್ಕ ಸರಿ ಬರತ್ತೆ! ಹೆಂಗೆ ಅಂತ ಕೇಳಿದ್ರೆ ಋತುಪರ್ಣ, ನನಗೆ ಅಕ್ಷಹೃದಯ ಗೊತ್ತು, ಅದಕ್ಕೇ ಎಣಿಕೆನೂ ಗೊತ್ತು ಅಂತಾನೆ. ಅಕ್ಷಹೃದಯ ಅಂದ್ರೆ ದಾಳದ ಮನಸ್ಸು. ಕುದುರೆ ಓಡಿಸೋ ವಿದ್ಯೆ ಕೊಟ್ಟು ನಳ ಅದನ್ನ ಕಲೀತಾನೆ. ಹಳೇ ಕಾಲದಲ್ಲಿ ತಾರೆಕಾಯಿಯನ್ನೇ ದಾಳ ಮಾಡ್ಕೊಂಡು ಆಡ್ತಿದ್ರು ಅನ್ನೋದು ತಿಳಿದ್ರೆ ಕಥೆಯಲ್ಲಿ ಆ ಮರಾನೇ ಯಾಕೆ ಬಂತು ಅಂತ ಅರ್ಥ ಆಗತ್ತೆ.

ಕೆನಡಾದ ತತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ 1975ರಲ್ಲಿ ಸಂಭವನೀಯತೆ ಅನ್ನೋ ಗಣಿತದ ಹುಟ್ಟಿನ ಬಗ್ಗೆ ಪುಸ್ತಕ ಬರೆದಾಗ ಈ ನಳನ ಪ್ರಸಂಗವನ್ನ ಎತ್ತಿಕೊಂಡಿದ್ದಾರೆ. ದಾಳ ಬೀಳೋದಕ್ಕೂ ಅಂದಾಜಿನ ಎಣಿಕೆಗೂ ಸಂಬಂಧ ಇದೆ ಅಂತ ನಮ್ಮ ಕಥೆಗಾರರಿಗೆ ಹೊಳೆದಿತ್ತು. ಅದೃಷ್ಟ ಅನ್ನೋದು ಪೂರ್ತಿ ಕತ್ತಲೆ ಅಲ್ಲ, ಕಣ್ಣಿಟ್ಟು ನೋಡಿದ್ರೆ ಸ್ವಲ್ಪ ಕಾಣತ್ತೆ. ಆಟದ ರುಚಿ ಇರೋದು ಆ ‘ಸ್ವಲ್ಪ’ದಲ್ಲೇ.

ಚೌಕಾಬಾರ ತಗೊಳ್ಳಿ. 5 ಸಾಲು, 5 ಕಂಬ, 25 ಮನೆ. ನಾಲ್ಕು ಕವಡಿ. ಒಂದು ಕವಡಿ ಅಂಗಾತ ಬಿದ್ರೆ ಒಂದು, ಎರಡು ಬಿದ್ರೆ ಎರಡು, ಮೂರಕ್ಕೆ ಮೂರು. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಎಂಟು. ಈ ಎರಡು ಬಿದ್ರೆ ಇನ್ನೊಂದು ಸಲ ಹಾಕಬಹುದು. ಕವಡಿ ಎರಡೂ ಕಡೆ ಸಮ ಬೀಳತ್ತೆ ಅಂತ ಇಟ್ಕೊಂಡು ಲೆಕ್ಕ ಹಾಕಿ. ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳೋದು 6 ಸಲ, ಒಂದು 4 ಸಲ, ಮೂರು 4 ಸಲ. ಚೌಕ ಒಂದೇ ಸಲ, ಎಂಟು ಒಂದೇ ಸಲ. ಅಂದ್ರೆ ಎಂಟು ಸಲ ಹಾಕಿದ್ರೆ ಸುಮಾರು ಒಂದು ಸಲ ಮತ್ತೆ ಹಾಕೋ ಭಾಗ್ಯ.

ಈ ಲೆಕ್ಕ ನನ್ನ ಅಜ್ಜಿ ಯಾವ ಶಾಲೆಯಲ್ಲೂ ಕಲೀಲಿಲ್ಲ. ಆದ್ರೆ ಎದುರಾಳಿ ಕಾಯಿ ಎರಡು ಮನೆ ಹಿಂದೆ ಇದ್ರೆ ಅವರ ಕಾಯಿ ಅಲ್ಲಿ ಒಂದು ಕ್ಷಣಾನೂ ನಿಲ್ತಿರಲಿಲ್ಲ. ‘ಎರಡ ಬೀಳೂದು ಜಾಸ್ತಿ ತಮ್ಮಾ, ಮೊದಲ ಕಟ್ಟಿ ಮನಿ ಸೇರ್ಕೋ’ ಅನ್ನೋರು. ಕವಡಿ ಸಿಗದ ದಿನ ಹುಣಸೆಬೀಜ ಒಂದು ಕಡೆ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ ಅದನ್ನೇ ಹಾಕೋರು. ಅಜ್ಜಿಗೆ ಗೊತ್ತಿದ್ದದ್ದು ಅಕ್ಷಹೃದಯದ ಒಂದು ಚೂರು ಅಲ್ಲದೆ ಮತ್ತೇನು?

ಬರೀ ಅದೃಷ್ಟ ಇದ್ರೆ ಕೈ ದಣಿಯತ್ತೆ, ತಲೆ ಮಲಗತ್ತೆ. ಬರೀ ಬುದ್ಧಿ ಇದ್ರೆ ಮೊಮ್ಮಗ ಅಜ್ಜಿನ ಯಾವತ್ತೂ ಗೆಲ್ಲಲ್ಲ, ನಾಲ್ಕು ದಿನದಲ್ಲಿ ಆಡೋದೇ ಬಿಡ್ತಾನೆ. ಎರಡೂ ಬೆರೆತಾಗ ಆರು ವರ್ಷದವನೂ ಅರವತ್ತು ವರ್ಷದವರೂ ಒಂದೇ ಹಾಸಿಗೆ ಕೂರಬಹುದು. ಇಂಥ ಬೆರಕೆ ಆಟಗಳು ತಲೆಮಾರು ದಾಟಿ ಬರೋದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತಿದೆ, ಅದು ನಮ್ಮ ಭಾಷೆಯಲ್ಲೇ ಇದೆ. ಹಾಸಿನ ಮೇಲೆ ನಡೆಸೋದಕ್ಕೆ ನಾವು ‘ಕಾಯಿ’ ಅಂತೀವಿ. ಅದು ಸುತ್ತು ಮುಗಿಸಿ ನಡುಮನೆ ಸೇರಿದ್ರೆ ‘ಹಣ್ಣಾಯ್ತು’ ಅಂತೀವಿ. ಗೆದ್ದ, ಸೋತ ಅನ್ನೋದಕ್ಕಿಂತ ಮುಂಚೆ ಕಾಯಿ ಹಣ್ಣಾಗತ್ತೆ. ಯಾರದು ಮೊದಲು ಅನ್ನೋದಷ್ಟೇ ಜಗಳ, ಕೊನೆಗೆ ಎಲ್ಲರದೂ ಹಣ್ಣಾಗಬಹುದು. ಒಳಸುತ್ತಿಗೆ ಹೋಗೋಕೆ ಮುಂಚೆ ಒಬ್ಬರ ಕಾಯಿನಾದ್ರೂ ಕಡಿದಿರಬೇಕು ಅಂತ ಬಹಳ ಕಡೆ ನಿಯಮ ಇದೆ. ಅದಕ್ಕೇ ಒಬ್ಬರೇ ತಮ್ಮ ಪಾಡಿಗೆ ನಡೆದುಹೋಗೋಕಾಗಲ್ಲ. ಪಕ್ಕದವರ ಸಹವಾಸ ಮಾಡಲೇಬೇಕು.

ನಳನ ಕಥೆ ಕೊನೆಗೆ ಏನಾಯ್ತು? ಅಕ್ಷಹೃದಯ ಕಲಿತು ಬಂದ, ಪುಷ್ಕರನನ್ನ ಒಂದೇ ಹಾಕಿಗೆ ಸೋಲಿಸಿದ. ಆಮೇಲೆ ಅವನ ಪಾಲನ್ನ ಅವನಿಗೇ ವಾಪಸ್ ಕೊಟ್ಟು ಕ್ಷಮಿಸಿ ಕಳಿಸಿದ. ಬೃಹದಶ್ವರು ಆ ವಿದ್ಯೆಯನ್ನ ಧರ್ಮರಾಯನಿಗೂ ಕಲಿಸಿದ್ರು. ಅಂದ್ರೆ ವಿರಾಟನ ಎದುರು ಕಂಕನಾಗಿ ಕೂತೋನಿಗೆ ದಾಳದ ಗುಟ್ಟು ಪೂರ್ತಿ ಗೊತ್ತಿತ್ತು. ಆದ್ರೂ ಅವನು ಆ ರಾಜ್ಯವನ್ನ ಪಣಕ್ಕೆ ಕೇಳಲಿಲ್ಲ. ಬಾಡದ ಕವಿಯ ಕಥೆ, ಹಾನಗಲ್ಲಿನ ಕಥೆ ಇಲ್ಲಿ ಒಂದಕ್ಕೊಂದು ಕೂಡತ್ತೆ.

ಅದೃಷ್ಟವೇ ಇಲ್ಲದ ಆಟಗಳು

ದಾಳ, ಕವಡಿ ಏನೂ ಬೇಡದ ಆಟಗಳೂ ಇವೆ. ಹುಲಿ-ಕುರಿ ಆಟದಲ್ಲಿ 3 ಹುಲಿ, 15 ಕುರಿ, 23 ಚುಕ್ಕೆ. ಹುಲಿಗೆ ಕುರಿ ಹಾರಿ ತಿನ್ನೋ ಹಕ್ಕಿದೆ. ಕುರಿಗೆ ತಿನ್ನೋ ಹಕ್ಕಿಲ್ಲ, ಒಟ್ಟಾಗಿ ನಿಂತು ಹುಲಿಯ ದಾರಿ ಕಟ್ಟಬಹುದು ಅಷ್ಟೇ. ಬಲ ಸಮ ಇಲ್ಲ, ಆದ್ರೂ ಆಟ ಸಮ. ಮೂರು ಕುರಿ ಹೋದ ಮೇಲೂ ಹನ್ನೆರಡು ಕುರಿ ಸೇರಿ ಹುಲಿನ ಮೂಲೆಗೆ ತಳ್ಳಿದಾಗ ಸಿಗೋ ಖುಷಿ ಇದೆಯಲ್ಲ, ಹುಲಿ ಹಿಡಿದವರಿಗೆ ಅದು ತಿಳಿಯಲ್ಲ. ಈ ಆಟದ ಗೆರೆಗಳನ್ನ ಕರ್ನಾಟಕದ ಹಳೇ ಗುಡಿಗಳ ಜಗಲಿ ಕಲ್ಲಿನ ಮೇಲೆ, ಹಂಪಿಯ ಮಂಟಪಗಳಲ್ಲಿ ಕೆತ್ತಿದ್ದನ್ನ ಈಗಲೂ ನೋಡಬಹುದು. ಮುಂದಿನ ಸಲ ಗುಡಿಗೆ ಹೋದಾಗ ಛಾವಣಿ ನೋಡಿ ಆದ ಮೇಲೆ ನೆಲಾನೂ ನೋಡ್ರಿ.

ಅಳಗುಳಿಮಣೆ ಅಂದ್ರೆ 14 ಗುಳಿ, ಒಂದು ಹಿಡಿ ಬೀಜ. ಎಲ್ಲಾ ಕಣ್ಣೆದುರೇ ಇರತ್ತೆ, ಮುಚ್ಚಿಟ್ಟದ್ದು ಏನೂ ಇಲ್ಲ. ಎಣಿಸೋ ತಾಳ್ಮೆ ಇದ್ದವರ ಕೈ ಮೇಲು. ಗುಳಿಗೆ ಒಂದೊಂದೇ ಬೀಜ ಬೀಳೋ ಆ ಟಕ್ ಟಕ್ ಸದ್ದು, ಬೆರಳಿಗೆ ಬೀಜದ ನುಣುಪು, ಅದೂ ಖುಷಿಯ ಒಂದು ಪಾಲು. ಗಾಜಿನ ಪರದೆ ಮೇಲೆ ಬೆರಳಾಡಿಸಿ ಅದು ಸಿಗಲ್ಲ.

ಇಂಥ ಆಟಗಳನ್ನ ನಮ್ಮ ನೆಲದ ಒಬ್ಬ ರಾಜ ಕೂತು ಬರೆದಿಟ್ಟಿದ್ದಾನೆ. ಹಾನಗಲ್ ಕದಂಬರ ಒಡೆಯರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ, 12ನೇ ಶತಮಾನದವನು. ಅವನ ‘ಮಾನಸೋಲ್ಲಾಸ’ದಲ್ಲಿ ಅಡುಗೆಯಿಂದ ಆನೆವರೆಗೆ ಎಲ್ಲಾ ಇದೆ. ಕೊನೆಯ ಭಾಗ ಪೂರ್ತಿ 20 ಕ್ರೀಡೆಗಳ ಮೇಲೆ. ಅದರಲ್ಲಿ ಚದುರಂಗ ಇದೆ, ದಾಳ ಇದೆ, ಕವಡಿ ಆಟ ಇದೆ, ಒಗಟಿನ ಆಟಾನೂ ಇದೆ. ರಾಜ್ಯಭಾರದ ಮಾತು ಬರೆಯೋ ಪುಸ್ತಕದಲ್ಲೇ ಆಟಕ್ಕೂ ಜಾಗ ಕೊಟ್ಟಿದ್ದ.

ಸವಣೂರು: ಎಲಿಗೆ ಎರಡು ಅರ್ಥ

ಸವಣೂರಲ್ಲಿ ‘ಎಲಿ ಐತೇನ್ರಿ?’ ಅಂತ ಕೇಳಿದ್ರೆ ಮೊದಲು ವೀಳ್ಯದೆಲೆ ಕೊಡ್ತಾರೆ. ಅದಕ್ಕೆ ಆ ಊರು ಹೆಸರುವಾಸಿ. ಕಟ್ಟೆ ಮೇಲೆ ನಾಲ್ಕು ಜನ ಕೂತಿದ್ರೆ ಅದೇ ಮಾತಿಗೆ ಇನ್ನೊಂದು ಅರ್ಥ. 17ನೇ ಶತಮಾನದ ಕೊನೆಯಿಂದ 1948ರವರೆಗೆ ಇದು ನವಾಬರ ಊರು. ನಮ್ಮ ಇಸ್ಪೀಟಿನ ಮಾತಿಗೆ ಕಿವಿ ಕೊಟ್ರೆ ಇಂಥ ದಖ್ಖನಿ ದರ್ಬಾರುಗಳ ಮಾತು ಕೇಳಿಸತ್ತೆ: ಗುಲಾಮ, ಎಕ್ಕಾ, ಬಾದಶಾ, ಹುಕುಂ. ಆಮೇಲೆ ಆಟೀನ್, ಕಳಾವರ್ ಅಂತೀವಲ್ಲ? ಡಚ್ಚರು ಆ ಎರಡು ಪಂಗಡಗಳಿಗೆ ಹಾರ್ಟೆನ್, ಕ್ಲಾವರನ್ ಅಂತಾರೆ. ಬಾಯಲ್ಲಿ ಹೇಳಿ ನೋಡಿ, ಕಿವಿಗೇ ಗೊತ್ತಾಗತ್ತೆ. ಒಂದು ಕಟ್ಟು ಎಲೆಯಲ್ಲಿ ಪರ್ಷಿಯಾದವರು, ಡಚ್ಚರು, ಇಂಗ್ಲಿಷಿನವರು, ಕನ್ನಡದವರು ಎಲ್ಲಾ ಕಲೆತು ಕೂತಿದ್ದಾರೆ.

ಈ 52 ಎಲೆಗೂ ಮುಂಚೆ ಇದ್ದದ್ದು ಗಂಜೀಫಾ. ದುಂಡನೆ ಎಲೆ, ಕೈಯಲ್ಲಿ ಬಣ್ಣ ಬರೆದದ್ದು. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಕಳಿಸಿದ್ದನ್ನ ತನ್ನ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾನೆ. ಮೊಘಲ್ ಬಗೆಯದರಲ್ಲಿ 8 ಪಂಗಡ, 96 ಎಲೆ. ಅದರಲ್ಲಿ ಒಂದು ಪಂಗಡದ ಹೆಸರೇ ಗುಲಾಮ. ಇಲ್ಲಿನ ಜನ ಅದನ್ನ ತಮ್ಮದು ಮಾಡ್ಕೊಂಡು ದಶಾವತಾರದ ಎಲೆ ಮಾಡಿದ್ರು: 10 ಅವತಾರ, 120 ಎಲೆ. ಹಗಲು ಆಡಿದ್ರೆ ರಾಮನ ಎಲೆ ಇದ್ದವರು ಶುರು ಮಾಡಬೇಕು, ರಾತ್ರಿ ಆಡಿದ್ರೆ ಕೃಷ್ಣನ ಎಲೆ ಇದ್ದವರು. ಬಿದ್ದ ಎಲೆ ಯಾವುದು, ಉಳಿದದ್ದು ಯಾವುದು ಅಂತ ನೆನಪಿಡೋದೇ ಆಟದ ಜೀವ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್, ಅವರ ಕಾಲ 1794ರಿಂದ 1868, ಇಂಥ ಆಟಗಳ ಹುಚ್ಚು ಇದ್ದವರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ತಾವೇ ಕಟ್ಟಿದ ಎಲೆ ಆಟಗಳ ವಿವರ ಇದೆ. ಅವುಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆ ಬೇಕು! ನೋಡೋಕೆ ಕಣ್ಣಿಗೆ ಹಬ್ಬ. ಆದ್ರೆ ಅವು ಅರಮನೆ ಬಿಟ್ಟು ಊರಿಗೆ ಬರಲಿಲ್ಲ. ನಾಲ್ಕು ಕವಡಿಯ ಚೌಕಾಬಾರ ಇನ್ನೂ ಇದೆ. ಎರಡು ನಿಮಿಷದಲ್ಲಿ ಕಲಿಸಿಕೊಡೋಕಾಗಬೇಕು, ಸೀಮೆಸುಣ್ಣ ಸಿಕ್ಕಲ್ಲಿ ಶುರುವಾಗಬೇಕು. ಜನ ಉಳಿಸಿಕೊಳ್ಳೋ ಆಟ ಅಂಥದು.

ಮಕ್ಕಳು ಮೊದಲು ಕಲಿಯೋ ಇಸ್ಪೀಟು ಯಾವುದು ಹೇಳಿ? ಕತ್ತೆ ಆಟ. ಬಂದ ಪಂಗಡಕ್ಕೆ ಅದೇ ಪಂಗಡ ಹಾಕಬೇಕು, ಇಲ್ಲದಿದ್ರೆ ಬೇರೆ ಹಾಕಿ ಮೇಲಿನವರ ಕೈಗೆ ರಾಶಿ ಹೊರಿಸಬೇಕು. ಕೊನೆಗೆ ಎಲೆ ಉಳಿದವರು ಕತ್ತೆ. ಪಣ ಏನು? ‘ಕತ್ತೆ’ ಅನ್ನಿಸ್ಕೊಳ್ಳೋದು. ಎಷ್ಟು ಹೊತ್ತು? ಇನ್ನೊಂದು ಸಲ ಎಲೆ ಕಲಸೋವರೆಗೆ. ಆ ಐದು ನಿಮಿಷ ಅದಕ್ಕಿಂತ ದೊಡ್ಡ ಅವಮಾನ ಇಲ್ಲ, ಆರನೇ ನಿಮಿಷಕ್ಕೆ ಅದು ಇಲ್ಲವೇ ಇಲ್ಲ. ಪಣ ಅಂದ್ರೆ ಹೀಗಿರಬೇಕು ನೋಡ್ರಿ. ಆಟದೊಳಗೆ ನಿಜ, ಆಟದಾಚೆ ಸೊನ್ನೆ.

ಹಿರೇಕೆರೂರು: ‘ಸೋತೆ’ ಅನ್ನೋ ಮಾತು

ಹಿರೇಕೆರೂರು ಸೀಮೆ ಅಂದ್ರೆ ಸರ್ವಜ್ಞನ ಸೀಮೆ. ಅಬಲೂರು, ಮಾಸೂರು ಎರಡೂ ಊರು ಅವನ ಹುಟ್ಟಿನ ಕಥೆಯಲ್ಲಿ ಬರತ್ತೆ. ಅವನ ಹೆಸರಿನ ತ್ರಿಪದಿಗಳಲ್ಲಿ ಬುದ್ಧಿಮಾತಷ್ಟೇ ಇಲ್ಲ, ಬೇಕಾದಷ್ಟು ಒಗಟೂ ಇವೆ. ಒಗಟಿಗೆ ಹಾಸು ಬೇಡ, ಎಲೆ ಬೇಡ, ಎದುರಿಗೆ ಒಬ್ಬರಿದ್ರೆ ಸಾಕು. ಸೋಮೇಶ್ವರನೂ ಅದನ್ನ ಕ್ರೀಡೆಗಳ ಪಟ್ಟಿಗೇ ಹಾಕಿದ್ದ ಅಂತ ಆಗಲೇ ಹೇಳಿದೆ.

ಒಗಟಿನಲ್ಲಿ ಒಂದು ವಿಶೇಷ ಇದೆ. ಉತ್ತರ ಹೊಳೆದ್ರೆ ಖುಷಿ. ಹೊಳೀದೆ ‘ಸೋತೆ, ನೀನೇ ಹೇಳು’ ಅಂದಾಗ್ಲೂ ಖುಷಿ. ಉತ್ತರ ಕೇಳಿ ‘ಅಯ್ಯೋ, ಇಷ್ಟೇನಾ!’ ಅಂತ ಹಣೆ ಚಚ್ಕೊಳ್ಳೋದ್ರಲ್ಲಿ ಇರೋ ಸುಖ ಗೆದ್ದವರಿಗೂ ಸಿಗಲ್ಲ. ಇಸ್ಪೀಟಿನಲ್ಲೂ ಹೀಗೇ. ಎದುರಿನವರು ಎರಡು ಗಂಟೆ ಮುಚ್ಚಿಟ್ಟ ತುರುಪನ್ನ ಕೊನೇ ಕೈಯಲ್ಲಿ ನೆಲಕ್ಕೆ ಬಡಿದಾಗ ಸೋತವರೇ ಮೊದಲು ‘ಶಹಭಾಷ್’ ಅಂತಾರೆ. ನಗೋಕೆ, ಬೈಯೋಕೆ, ಶಹಭಾಷ್ ಅನ್ನೋಕೆ ಎದುರಿಗೊಂದು ಮುಖ ಬೇಕು. ಸೋಲನ್ನ ಸಹಿಸೋ ಹಾಗೆ ಮಾಡೋದು ಆ ಮುಖ.

ಫೋನಿನೊಳಗಿನ ಶಕುನಿ

ಈಗ ಮೊದಲ ಪ್ರಶ್ನೆಗೆ ಬರೋಣ. ಫೋನಿನಲ್ಲಿ ಆಡೋದೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಮನೆಯವರು ಲೂಡೋ ಕಿಂಗ್ ಇಟ್ಕೊಂಡು ಊರೂರಲ್ಲಿದ್ದ ಅಕ್ಕ ತಂಗಿಯರನ್ನ ಒಂದೇ ಹಾಸಿಗೆ ಕರೆದ್ರು. ಅಲ್ಲಿ ಎದುರಿಗೆ ಇದ್ದದ್ದು ಗುರುತಿನ ಮುಖ, ಪಣ ಇದ್ದದ್ದು ಬರೀ ಮಾನ.

ದುಡ್ಡು ಕಟ್ಟೋ ಆಟದ ಮಾತು ಬೇರೆ. ರಮ್ಮಿಯಲ್ಲಿ ಕೌಶಲ ಇದೆ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲಿನ ಮೊಕದ್ದಮೆ ಅದು. ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡಬೇಕು ಅಂತ ತಿಳೀಬೇಕು, ಮೂರೆಲೆ ಆಟದ ಹಾಗೆ ಬರೀ ಅದೃಷ್ಟ ಅಲ್ಲ ಅನ್ನೋದು ಅದರ ಸಾರ. ಮುಂದೆ ಆ್ಯಪ್‌ಗಳು ಬಂದಾಗ ಅವರ ಪರವಾದ ದೊಡ್ಡ ವಾದ ಇದೇ ಆಯ್ತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ತಡೀತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡ್ತು: ದುಡ್ಡಿನ ಆನ್‌ಲೈನ್ ಆಟ ಕೌಶಲದ್ದಿರಲಿ, ಅದೃಷ್ಟದ್ದಿರಲಿ, ನಡೆಸೋ ಹಾಗಿಲ್ಲ ಅಂತ.

ಕೋರ್ಟು, ಕಾಯ್ದೆ ಎಲ್ಲಾ ‘ಕೌಶಲನಾ, ಅದೃಷ್ಟನಾ’ ಅಂತ ವರ್ಷಗಟ್ಟಲೆ ಕೇಳಿದ್ವು. ಹಾನಗಲ್ಲಿನ ಕಥೆ ಬೇರೆ ಪ್ರಶ್ನೆ ಕೇಳತ್ತೆ. ಎದುರಿಗೆ ಕೂತಿರೋದು ಯಾರು? ಸೋತ್ರೆ ಅವರಿಗೂ ನಿನಗೂ ನೋವು ಸಮನಾ? ಆಟ ಮುಗಿಯೋ ಹೊತ್ತು ಅಂತ ಒಂದಿದೆಯಾ? ದುಡ್ಡಿನ ಆ್ಯಪ್‌ನಲ್ಲಿ ಪ್ರತಿ ಆಟಕ್ಕೂ ತನ್ನ ಪಾಲು ಕತ್ತರಿಸಿಕೊಳ್ಳೋ ಒಬ್ಬ ಇರ್ತಾನೆ. ಅವನು ಎಲೆ ಹಿಡಿಯಲ್ಲ, ಯಾವತ್ತೂ ಸೋಲಲ್ಲ, ಸಂಜೆ ಆಯ್ತು ಸಾಕು ಏಳಿ ಅಂತ ಯಾವತ್ತೂ ಹೇಳಲ್ಲ. ರಾತ್ರಿ ಮೂರಕ್ಕೂ ಅವನ ಹಾಸು ಬಿಚ್ಚೇ ಇರತ್ತೆ. ಪರವಾಗಿ ಆಡೋರು ಕೂತ ಸಭೆಗೆ ಧರ್ಮರಾಯ ಹೋದದ್ದು ಹೀಗೇ.

ಅದಕ್ಕೇ ಜಾಣರಾದವರು ಅಲ್ಲಿ ಸೋಲಲ್ಲ ಅನ್ನೋ ಮಾತು ನಂಬಬೇಡಿ. ಧರ್ಮರಾಯ ದಡ್ಡ ಆಗಿರಲಿಲ್ಲ, ನಳಾನೂ ಆಗಿರಲಿಲ್ಲ. ಸೋತದ್ದನ್ನ ಮರಳಿ ಗೆಲ್ಲೋಕೆ ಇನ್ನೊಂದೇ ಒಂದು ಸಲ ಅನ್ನೋ ಆಸೆ ಬುದ್ಧಿಗಿಂತ ದೊಡ್ಡದು. ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಆ ‘ಇನ್ನೊಂದು ಸಲ’ದಲ್ಲಿ ಸಿಕ್ಕಿಹಾಕ್ಕೊಂಡಿದ್ರೆ ಬೈಯೋದಕ್ಕಿಂತ ಮುಂಚೆ ಪಕ್ಕ ಕೂರ್ರಿ, ಎಷ್ಟು ಸಾಲ ಆಗಿದೆ ಅಂತ ಕೇಳ್ರಿ. ಮುಚ್ಚಿಟ್ಟಷ್ಟೂ ಅದು ಬೆಳೆಯತ್ತೆ.

ಇನ್ನು ಖುಷಿಯ ಮಾತು. ಆಟದ ಸುಖ ಗೆಲ್ಲೋದ್ರಲ್ಲಿ ಇಲ್ಲ. ಗೆಲ್ಲೋಕೆ ಪೂರ್ತಿ ಮನಸ್ಸಿಟ್ಟು ಒದ್ದಾಡಿ, ಮುಗಿದ ಮೇಲೆ ಎಲ್ಲರೂ ಮುಂಚಿನ ಹಾಗೇ ಎದ್ದು ಊಟಕ್ಕೆ ಹೋಗೋದ್ರಲ್ಲಿ ಇದೆ. ಸ್ವಲ್ಪ ಅದೃಷ್ಟ, ಸ್ವಲ್ಪ ಲೆಕ್ಕ, ಎದುರಿಗೊಂದು ಮುಖ, ಬೆಳಗಾಗೋದ್ರೊಳಗೆ ಮರೆತುಹೋಗೋ ಪಣ. ನಾಲ್ಕು ಕವಡಿಗೆ ಇಷ್ಟೂ ಸಿಗತ್ತೆ.

ನಿಮ್ಮೂರಲ್ಲಿ ಚೌಕಾಬಾರಕ್ಕೆ ಏನಂತಾರೆ? ಒಳಸುತ್ತಿಗೆ ಹೋಗೋಕೆ ನಿಮ್ಮ ಮನೆ ನಿಯಮ ಏನು? ಮನೆಯಲ್ಲಿ ಹಿರಿಯರಿದ್ರೆ ಇವತ್ತು ಸಂಜೆ ಫೋನ್ ಪಕ್ಕಕ್ಕಿಟ್ಟು ಅವರನ್ನ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಕೇಳೋಕೆ ಹೋದವರನ್ನ ಹಾಗೇ ಬಿಡೋ ಪೈಕಿ ಅಲ್ಲ ಅವರು. ಸೀಮೆಸುಣ್ಣ ತಾ ಅಂತಾರೆ. ಕೊಡ್ರಿ, ಒಂದಾಟ ಕೂರ್ರಿ.